ಸೇಬಿನ ಐತಿಹ್ಯ ಮತ್ತು ಗುರುತ್ವದ ಸಂಕೇತಗಳು

ವಿಶ್ವ ಗುರುತ್ವಾಕರ್ಷಣ ನಿಯಮವು ಜನಮನದಲ್ಲಿ ಎರಡು ರೂಪಗಳಲ್ಲಿ ನೆಲೆನಿಂತಿದೆ: ಸೇಬು ಬಿದ್ದ ಕಥೆ ಒಂದು, ಪಠ್ಯಪುಸ್ತಕದ ಸೂತ್ರ ಇನ್ನೊಂದು. ಮೊದಲನೆಯದನ್ನು ಕಟ್ಟುಕಥೆಯೆಂದು ತಳ್ಳಿಹಾಕಿ, ಎರಡನೆಯದನ್ನು ನ್ಯೂಟನ್ನನ ಬರಹವೆಂದೇ ನಂಬುವುದು ರೂಢಿ. ದಾಖಲೆಗಳು ಹೇಳುವುದು ಬಹುಮಟ್ಟಿಗೆ ಇದಕ್ಕೆ ವಿರುದ್ಧವಾದುದನ್ನು.

ಸೇಬಿನ ಐತಿಹ್ಯದ ಮೂಲ ವಕ್ತೃ ಸ್ವತಃ ನ್ಯೂಟನ್. 1726ರ ಏಪ್ರಿಲ್ 15ರಂದು ಕೆನ್ಸಿಂಗ್ಟನ್ನಿನಲ್ಲಿ, ಊಟದ ಬಳಿಕ ಸೇಬಿನ ಮರಗಳ ನೆರಳಿನಲ್ಲಿ ಚಹಾ ಕುಡಿಯುತ್ತ, 83ರ ಆ ವೃದ್ಧನು ಇದನ್ನು ವಿಲಿಯಂ ಸ್ಟಕ್ಲಿಗೆ ಹೇಳಿದನು. ಸ್ಟಕ್ಲಿ 1752ರ ತನ್ನ ಸ್ಮರಣ ಗ್ರಂಥದಲ್ಲಿ ಅದನ್ನು ಬರೆದಿಟ್ಟನು. ನ್ಯೂಟನ್ನನ ಮಲಸೋದರಿಯ ಮಗಳಾದ ಕ್ಯಾಥರೀನಳ ಮೂಲಕ ವೋಲ್ಟೇರನಿಗೆ ತಲುಪಿದ ಪಾಠವು ಅವನ ಬರಹಗಳಿಂದ ಯುರೋಪಿನಲ್ಲಿ ಹರಡಿತು. ಹಣ್ಣು ತಲೆಯ ಮೇಲೆ ಬಿದ್ದ ಆಶಯ ಈ ಎರಡು ಪಾಠಗಳಲ್ಲಿಯೂ ಇಲ್ಲ. ಅದು ನಂತರದ ಸೇರ್ಪಡೆ.

ಆದ್ದರಿಂದ ಕಥೆ ನಿಜವೋ ಸುಳ್ಳೋ ಎಂಬುದಕ್ಕಿಂತ, ನ್ಯೂಟನ್ನನಿಗೆ ಅದು ಏಕೆ ಬೇಕಾಗಿತ್ತು ಎಂಬುದೇ ಮುಖ್ಯ ಪ್ರಶ್ನೆ. 1686ರಲ್ಲಿ 'ಪ್ರಿನ್ಸಿಪಿಯಾ'ದ ಹಸ್ತಪ್ರತಿ ರಾಯಲ್ ಸೊಸೈಟಿಗೆ ಬಂದಾಗ, ದೂರದ ವರ್ಗಕ್ಕೆ ವಿಲೋಮವಾಗಿ ಬಲ ಕುಗ್ಗುತ್ತದೆಂಬ ವಿಚಾರ ತನ್ನಿಂದ ಬಂದುದೆಂದು ರಾಬರ್ಟ್ ಹುಕ್ ವಾದಿಸಿದನು. ಸೇಬಿನ ಕಥೆಯಾದರೋ ಕೇಳುಗರನ್ನು ಪ್ಲೇಗಿನ ಕಾಲದ ವೂಲ್ಸ್‌ಥಾರ್ಪ್ ತೋಟಕ್ಕೆ, ಅಂದರೆ ಸುಮಾರು ಇಪ್ಪತ್ತು ವರ್ಷ ಹಿಂದಕ್ಕೆ ಒಯ್ಯುತ್ತದೆ. ಕ್ಷೇತ್ರದ ಪ್ರಾಚೀನತೆಯನ್ನು ಸ್ಥಾಪಿಸಲು ಸ್ಥಳಪುರಾಣ ಮಾಡುವ ಕೆಲಸವನ್ನೇ ಇಲ್ಲಿ ಹಣ್ಣೊಂದು ಮಾಡಿದೆ. 1660ರ ದಶಕದ ಹಸ್ತಪ್ರತಿಗಳಲ್ಲಿ ಚಂದ್ರನ ಚಲನೆಯ ಲೆಕ್ಕವಿರುವುದು ದಿಟ. ಆದರೆ ದ್ರವ್ಯದ ಪ್ರತಿಯೊಂದು ಕಣವೂ ಇನ್ನೊಂದನ್ನು ಸೆಳೆಯುತ್ತದೆಂಬ ಸಾರ್ವತ್ರಿಕ ನಿಯಮ ಅಲ್ಲಿಲ್ಲ. ಅದು ರೂಪುಗೊಂಡುದು 1684ರಿಂದ 1687ರವರೆಗಿನ ದುಡಿಮೆಯಲ್ಲಿ. ಐತಿಹ್ಯವು ಈ ದುಡಿಮೆಯನ್ನೂ ಹುಕ್ಕನ ಪಾಲನ್ನೂ ಒಟ್ಟಿಗೆ ಮರೆಮಾಡುತ್ತದೆ.

ಇನ್ನು ಸೂತ್ರದ ವಿಚಾರ. 1687ರ 'ಪ್ರಿನ್ಸಿಪಿಯಾ'ದಲ್ಲಿ ಇಂದಿನ ಸಮೀಕರಣ ದೊರೆಯದು. ಅಲ್ಲಿರುವುದು ಲ್ಯಾಟಿನ್ ಭಾಷೆಯ ವಾಕ್ಯಗಳು, ರೇಖಾಗಣಿತ ಮತ್ತು ಅನುಪಾತಗಳು. 1798ರಲ್ಲಿ ಹೆನ್ರಿ ಕ್ಯಾವೆಂಡಿಶ್ ಪ್ರಕಟಿಸಿದುದು ಭೂಮಿಯ ಸಾಂದ್ರತೆಯನ್ನು. 'ಜಿ' ಎಂಬ ಸ್ಥಿರಾಂಕ ಅವನ ಪ್ರಬಂಧದಲ್ಲಿಲ್ಲ. ಆ ಅಕ್ಷರ ಸಿ. ವಿ. ಬಾಯ್ಸ್‌ನ 1894ರ ಪ್ರಬಂಧದ ಕಾಲಕ್ಕೆ, ಅಂದರೆ ನ್ಯೂಟನ್ನನ ಗ್ರಂಥಕ್ಕೆ ಎರಡು ಶತಮಾನ ಕಳೆದ ಮೇಲೆ, ಬಳಕೆಗೆ ಬಂದಿತು. ಹಾಗಾಗಿ ಲಿಖಿತವೆನಿಸಿದ ಸೂತ್ರವೂ ಮೌಖಿಕ ಪಠ್ಯದಂತೆ ಪದರ ಪದರವಾಗಿ ಬೆಳೆದುದೇ.

ಆದರೂ ಕಥೆ ಕಳೆದುಕೊಂಡ ಒಂದು ಅಂಶವನ್ನು ಸೂತ್ರ ಉಳಿಸಿಕೊಂಡಿದೆ. ಸ್ಟಕ್ಲಿಯ ಪಾಠದಲ್ಲಿ ಭೂಮಿ ಸೇಬನ್ನು ಸೆಳೆಯುವಂತೆ ಸೇಬೂ ಭೂಮಿಯನ್ನು ಸೆಳೆಯುತ್ತದೆ. ಜನಪ್ರಿಯ ಪಾಠಗಳು ಮೊದಲು ಕೈಬಿಟ್ಟುದು ಈ ಪರಸ್ಪರತೆಯನ್ನು; ತಲೆಗೆ ಬಡಿಯುವ ಹಣ್ಣಿನಲ್ಲಿ ಅದಕ್ಕೆ ಎಡೆಯೇ ಇಲ್ಲ. 'ಗುರುತ್ವಾಕರ್ಷಣೆ' ಎಂಬ ನಮ್ಮ ಪದವೂ ಭಾರ ಮತ್ತು ಸೆಳೆತವನ್ನು ಸೂಚಿಸುತ್ತದೆಯೇ ಹೊರತು, ಸೆಳೆತ ಎರಡೂ ಕಡೆಯದೆಂಬುದನ್ನು ಹೇಳುವುದಿಲ್ಲ. ಸೂತ್ರದಲ್ಲಿ ಮಾತ್ರ ಎರಡು ದ್ರವ್ಯರಾಶಿಗಳು ಗುಣಾಕಾರವಾಗಿ ಅಕ್ಕಪಕ್ಕದಲ್ಲಿ ನಿಂತಿವೆ. ಭೂಮಿಯ ಸ್ಥಾನದಲ್ಲಿ ಸೇಬನ್ನೂ ಸೇಬಿನ ಸ್ಥಾನದಲ್ಲಿ ಭೂಮಿಯನ್ನೂ ಇರಿಸಿದರೂ ಬಲದ ಪ್ರಮಾಣ ಬದಲಾಗುವುದಿಲ್ಲ.