ಆಟ ಮುಗಿದ ಮೇಲೆ ಚಾಪ್ಮನ್

ಕಾರ್ಲ್‌ಟನ್ ಚಾಪ್ಮನ್ ಎಂದರೆ ಫುಟ್ಬಾಲ್ ಬಲ್ಲವರಿಗೆ ಥಟ್ಟನೆ ನೆನಪಾಗುವುದು 1993ರ ಒಂದು ಪಂದ್ಯ. ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಕಲ್ಕತ್ತೆಯ ಈಸ್ಟ್ ಬೆಂಗಾಲ್ ತಂಡ ಇರಾಕಿನ ಅಲ್ ಝವ್ರಾವನ್ನು 6-2ರಿಂದ ಸೋಲಿಸಿತು. ಅದರಲ್ಲಿ ಮೂರು ಗೋಲು ಬೆಂಗಳೂರಿನ ಈ ಹುಡುಗನವು. ಗೋಲಿಗಾಗಿಯೇ ಮುಂದೆ ಕಾದು ನಿಲ್ಲುವ ಸ್ಟ್ರೈಕರ್ ಅಲ್ಲ ಅವರು, ನಡುಮೈದಾನದ ಆಟಗಾರ. ಟಾಟಾ ಫುಟ್ಬಾಲ್ ಅಕಾಡೆಮಿಯಲ್ಲಿ ಪಳಗಿದವರು. ವಿಜಯನ್, ಭುಟಿಯಾ ಜೊತೆ ಜೆಸಿಟಿಯಲ್ಲಿದ್ದಾಗ 1996-97ರ ಮೊದಲ ರಾಷ್ಟ್ರೀಯ ಲೀಗ್ ಗೆದ್ದರು. 2001ರಲ್ಲಿ ಈಸ್ಟ್ ಬೆಂಗಾಲ್ ಅದೇ ಲೀಗ್ ಗೆದ್ದಾಗ ನಾಯಕ ಇವರೇ. ಭಾರತ ತಂಡಕ್ಕೂ ನಾಯಕರಾದರು. ಇದೆಲ್ಲ ದಾಖಲೆಯಲ್ಲಿದೆ. 2020ರ ಅಕ್ಟೋಬರ್ 12ರಂದು, ನಲವತ್ತೊಂಬತ್ತನೆಯ ವಯಸ್ಸಿನಲ್ಲಿ ಅವರು ತೀರಿಕೊಂಡ ಮೇಲೂ ನಾವು ಎಣಿಸುತ್ತಿರುವುದು ಇದನ್ನೇ.

ಆದರೆ ಅವರು ಆಟ ಬಿಟ್ಟದ್ದು 2001ರಲ್ಲಿ. ಉಳಿದ ಹತ್ತೊಂಬತ್ತು ವರ್ಷ ಏನು ಮಾಡುತ್ತಿದ್ದರು?

ಕಲಿಸುತ್ತಿದ್ದರು. ತಾವು ಕಲಿತ ಟಾಟಾ ಅಕಾಡೆಮಿಯಲ್ಲಿ ಹುಡುಗರಿಗೆ ತರಬೇತಿ ಕೊಟ್ಟರು. ಶಿಲ್ಲಾಂಗ್‌ಗೆ ಹೋಗಿ ರಾಯಲ್ ವಾಹಿಂಗ್ಡೋ ಎಂಬ ಕ್ಲಬ್ಬನ್ನು ತಿದ್ದಿದರು. ಆಮೇಲೆ ಕಲ್ಕತ್ತೆಯ ಭವಾನಿಪುರ, ದೆಹಲಿಯ ಸುದೇವಾ, ಕೋಝಿಕ್ಕೋಡಿನ ಕ್ವಾರ್ಟ್ಜ್. ದೊಡ್ಡ ಹಣವಿಲ್ಲದ, ಟಿವಿಯಲ್ಲಿ ಕಾಣದ ಕ್ಲಬ್ಬುಗಳೇ ಹೆಚ್ಚು. ವಾಹಿಂಗ್ಡೋ 2014-15ರಲ್ಲಿ ಐ-ಲೀಗ್‌ಗೆ ಬಂದು ಮೊದಲ ವರ್ಷವೇ ಮೂರನೆಯ ಸ್ಥಾನ ಪಡೆಯಿತು. ಆಗ ತರಬೇತುದಾರ ಬೇರೆಯವರು. ಮನೆ ಕಟ್ಟಿ ಮುಗಿದಾಗ ಪಾಯ ತೋಡಿದವನನ್ನು ಯಾರು ಕೇಳುತ್ತಾರೆ!

ಇದೇ ಹೊತ್ತಿಗೆ ಮುಂಬಯಿಯಲ್ಲಿ ಇನ್ನೊಂದು ಕತೆ ನಡೆಯಿತು. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ ಶುರುವಾದಾಗ ಎಂಟು ತಂಡಗಳ ಎಂಟೂ ಮುಖ್ಯ ತರಬೇತುದಾರರು ವಿದೇಶದವರು. ಮರುವರ್ಷ ಮುಂಬಯಿ ಸಿಟಿ ತಂಡ ತನ್ನ ಆಟಗಾರ ನಿಕೋಲಸ್ ಅನೆಲ್ಕಾನ ಕೈಗೇ ಇಡೀ ತಂಡವನ್ನು ಕೊಟ್ಟಿತು. ಆತ ಫ್ರಾನ್ಸಿನ ಸ್ಟ್ರೈಕರ್. ಆರ್ಸೆನಲ್, ರಿಯಲ್ ಮ್ಯಾಡ್ರಿಡ್, ಚೆಲ್ಸಿಗಳಿಗೆ ಆಡಿದವನು; 2008-09ರಲ್ಲಿ 19 ಗೋಲು ಹೊಡೆದು ಇಂಗ್ಲಿಷ್ ಪ್ರೀಮಿಯರ್ ಲೀಗಿನಲ್ಲಿ ಎಲ್ಲರಿಗಿಂತ ಮುಂದಿದ್ದವನು. ಕೋಚ್ ಜೊತೆ ಜಗಳವಾಡಿ 2010ರ ವಿಶ್ವಕಪ್‌ನಿಂದ ಮನೆಗೆ ಕಳಿಸಿಕೊಂಡವನೂ ಹೌದು. ಕಲಿಸಿದ ಅನುಭವ? 2012ರಲ್ಲಿ ಶಾಂಘೈನಲ್ಲಿ ಆಟದ ಜೊತೆಗೇ ಕೆಲಕಾಲ ಮಾಡಿದ್ದು, ಅಷ್ಟೆ.

ಅನೆಲ್ಕಾ ಇಸ್ಲಾಂ ಸ್ವೀಕರಿಸಿದವನೆಂದು ನಮ್ಮಲ್ಲಿ ಕೆಲವರಿಗೆ ಆತನ ಮೇಲೆ ವಿಶೇಷ ಮಮತೆ. ಇರಲಿ. ಮಮತೆ ಬೇರೆ, ಕೆಲಸದ ಅಳತೆ ಬೇರೆ. ಆ ವರ್ಷ ಮುಂಬಯಿ ಗೋವಾದ ಎದುರು 7-0ಯಿಂದ ಸೋತಿತು, ಎಂಟರಲ್ಲಿ ಆರನೆಯ ಸ್ಥಾನಕ್ಕೆ ನಿಂತಿತು. ತಂಡದಲ್ಲಿ ಸುನಿಲ್ ಛೆಟ್ರಿಯಂಥವರು ಇದ್ದೂ ಈ ಗತಿ. ಹಾಗೆಂದು ಆಟಗಾರನೇ ತರಬೇತುದಾರನಾಗಬಾರದು ಎಂದೇನೂ ಅಲ್ಲ. ಅದೇ ವರ್ಷ ಕಪ್ ಗೆದ್ದ ಚೆನ್ನೈ ತಂಡವನ್ನು ನಡೆಸಿದವನು ಇಟಲಿಯ ಮಾಜಿ ಆಟಗಾರ ಮಾತೆರಾಝಿ. ವಿದೇಶೀಯರು ಬೇಡವೆಂಬ ಹಟವೂ ನನಗಿಲ್ಲ. ಬೆಂಗಳೂರು ಎಫ್‌ಸಿಗೆ ಎರಡು ಸಲ ಐ-ಲೀಗ್ ತಂದುಕೊಟ್ಟ ವೆಸ್ಟ್‌ವುಡ್ ಇಂಗ್ಲೆಂಡಿನವರು.

ನನ್ನ ತಕರಾರು ಬೇರೆ. ಉರ್ದುವಿನಲ್ಲಿ ಹುನರ್ ಇದ್ದವನನ್ನು ಹುನರ್‌ಮಂದ್ ಎನ್ನುತ್ತಾರೆ, ಅದನ್ನು ಇನ್ನೊಬ್ಬನ ಕೈಗೆ ದಾಟಿಸಬಲ್ಲವನನ್ನು ಉಸ್ತಾದ್ ಎನ್ನುತ್ತಾರೆ. ಎರಡೂ ಒಂದೇ ಅಲ್ಲ. ಗೋಲಿನ ಮುಂದೆ ಅನೆಲ್ಕಾನ ಕಾಲಿಗೆ ತಾನಾಗಿ ತಿಳಿಯುತ್ತಿದ್ದುದನ್ನು ಇಪ್ಪತ್ತು ವರ್ಷದ ಹುಡುಗನಿಗೆ ಬಿಡಿಸಿ ಹೇಳುವುದು ಬೇರೆಯೇ ತಾಲೀಮು. ನಡುಮೈದಾನದಲ್ಲಿ ನಿಂತು ಹತ್ತು ಜನರ ಓಟವನ್ನು ಲೆಕ್ಕ ಹಾಕುತ್ತಿದ್ದ ಚಾಪ್ಮನ್‌ಗೆ ಅದು ಸ್ವಲ್ಪ ಸುಲಭವಾಗಿತ್ತೇನೋ. ಏನಿದ್ದರೂ ಆ ತಾಲೀಮನ್ನು ಅವರು ವರ್ಷಗಟ್ಟಲೆ ಮಾಡಿದ್ದರು. ಆದರೂ ಸೂಪರ್ ಲೀಗಿನ ಮುಖ್ಯ ಕುರ್ಚಿ ಅವರ ಪಾಲಿಗೆ ಬರಲಿಲ್ಲ. ಹೆಸರಿಗೆ ಟಿಕೆಟ್ ಮಾರಾಟವಾಗುತ್ತದೆ, ತಾಲೀಮಿಗೆ ಆಗುವುದಿಲ್ಲ ಎಂಬುದು ಮಾಲೀಕರ ಲೆಕ್ಕ.

ಈ ಲೆಕ್ಕದ ನಷ್ಟ ಚಾಪ್ಮನ್ ಒಬ್ಬರದಲ್ಲ. ನಮ್ಮ ಆವನಿಯಲ್ಲಿ ಬಯಲು ಸಿಕ್ಕರೆ ಹುಡುಗರು ಕ್ರಿಕೆಟ್ಟೇ ಆಡುವುದು. ಆದರೂ ಒಬ್ಬಿಬ್ಬರ ಮೈಮೇಲೆ ಮೆಸ್ಸಿಯ ಅಂಗಿ ಇರುತ್ತದೆ. ಅವರಲ್ಲೊಬ್ಬನನ್ನು ಚಾಪ್ಮನ್ ಯಾರೆಂದು ಕೇಳಿದೆ. "ಇಂಗ್ಲೆಂಡಿನವನಾ ಸಾರ್?" ಎಂದ. ಬೆಂಗಳೂರು ನಮಗೆ ಸುಮಾರು ನೂರು ಕಿಲೋಮೀಟರ್. ಅಲ್ಲಿಂದ ಒಬ್ಬ ಉಸ್ತಾದ್ ಈ ಕಡೆಗೆ ಬರಬೇಕಾದರೆ, ಆಟ ಮುಗಿದ ಮೇಲೂ ಕಲಿಸಿ ಬದುಕಬಹುದೆಂಬ ಧೈರ್ಯ ಆತನಿಗಿರಬೇಕು.

ಸೂಪರ್ ಲೀಗಿನ ತಂಡವೊಂದು ಭಾರತೀಯನೊಬ್ಬನನ್ನು ಹಂಗಾಮಿಯಲ್ಲದ ಮುಖ್ಯ ತರಬೇತುದಾರನನ್ನಾಗಿ ನೇಮಿಸಿದ್ದು 2021ರಲ್ಲಿ, ಚಾಪ್ಮನ್ ತೀರಿಕೊಂಡ ಮರುವರ್ಷ. ತಂಡ ನಾರ್ತ್‌ಈಸ್ಟ್ ಯುನೈಟೆಡ್, ತರಬೇತುದಾರ ಖಾಲಿದ್ ಜಮೀಲ್. ನಾಲ್ಕು ವರ್ಷ ಕಳೆದು, 2025ರಲ್ಲಿ, ಜಮೀಲ್ ಅವರಿಗೆ ಭಾರತ ತಂಡದ ಹೊಣೆಯನ್ನೇ ಒಪ್ಪಿಸಲಾಯಿತು.