ಒಂಟಿ ಸರಪಳಿಯ ಲೆಕ್ಕ

ಮಳೆಗಾಲದಲ್ಲಿ ಘೋಡಗೇರಿ ಕಡೆಯ ಮಂದಿಗೆ ಮುಗಿಲಿನಷ್ಟೇ ಹಿಡಕಲ್ ಜಲಾಶಯದ ಮೇಲೂ ಕಣ್ಣು. ಸುಮಾರು 51 ಟಿಎಂಸಿ ನೀರು ಹಿಡಿಯುವ ಅಣೆಕಟ್ಟು ಅದು. ಗೇಟು ಬೇಕೆಂದಾಗ ಏಳಬೇಕು, ಸಾಕೆಂದಾಗ ಇಳಿಯಬೇಕು. ಏಳದೇ ಹೋದರೆ?

ಆ ಸಂಭವ ಎಷ್ಟೆಂದು ಅಳೆಯುವ ತಂತ್ರಾಂಶಗಳಿವೆ. ಅಮೆರಿಕದ ಐಡಾಹೊ ಪ್ರಯೋಗಾಲಯ ಅಣುಸ್ಥಾವರಗಳಿಗೆಂದು ಕಟ್ಟಿದ ‘ಸಫೈರ್’ ಅಂಥದ್ದೊಂದು. ನನಗಿಷ್ಟ ಅದರೊಳಗಿನ ದೋಷವೃಕ್ಷ. 1960ರ ದಶಕದ ಆರಂಭದಲ್ಲಿ ಬೆಲ್ ಪ್ರಯೋಗಾಲಯದವರು ಕ್ಷಿಪಣಿಗಾಗಿ ನೆಟ್ಟ ಗಿಡವಿದು, ಅದೂ ತಲೆಕೆಳಗಾಗಿ: ಅನಾಹುತ ಮೇಲೆ, ಕಾರಣಗಳ ಕವಲು ಕೆಳಗೆ.

ಗೇಟು ಎತ್ತುವ ಕರೆಂಟು ಹತ್ತರಲ್ಲಿ ಒಮ್ಮೆ ಕೈಕೊಡುತ್ತದೆ ಎನ್ನಿ, ಜನರೇಟರೂ ಹಾಗೇ. ಎರಡೂ ಒಟ್ಟಿಗೆ ಕೈಕೊಡುವುದು ನೂರರಲ್ಲಿ ಒಮ್ಮೆ. ಆದರೆ ಒಂದೇ ನೆರೆ ಎರಡನ್ನೂ ಮುಳುಗಿಸಿದರೆ ಗುಣಾಕಾರವೇ ಸುಳ್ಳು! ಒಳ್ಳೆಯ ತಂತ್ರಾಂಶದಲ್ಲಿ ಈ ಅನುಮಾನಕ್ಕೂ ಜಾಗವಿದೆ.

ಅದರ ನಿಜವಾದ ಕಸುಬುದಾರಿಕೆ ಬೇರೆಡೆ. ಸಾವಿರಾರು ಕವಲು ಜಾಲಾಡಿ, ಅನಾಹುತಕ್ಕೆ ಸಾಕಾಗುವ ಅತಿ ಚಿಕ್ಕ ಗುಂಪುಗಳನ್ನು ಹೆಕ್ಕಿ ಕೊಡುತ್ತದೆ. ಆ ಪಟ್ಟಿಯಲ್ಲಿ ಒಂಟಿ ಹೆಸರು ಕಂಡರೆ ಎಂಜಿನಿಯರಿಗೆ ನಿದ್ದೆ ಹತ್ತಬಾರದು. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 33 ಗೇಟುಗಳಲ್ಲಿ 19ನೆಯದರ ಸರಪಳಿ ಹರಿದು ಗೇಟು ಕೊಚ್ಚಿಹೋಯಿತು. ಉಳಿದ 32 ನೆಟ್ಟಗಿದ್ದವು. ಏನು ಬಂತು, ನೀರಿಗೆ ಒಂದೇ ಬಾಗಿಲು ಸಾಕು. ವಾರದೊಳಗೆ ಹರಿಯುವ ನೀರಿನಲ್ಲೇ ತಾತ್ಕಾಲಿಕ ತಡೆ ಇಳಿಸಿದ್ದು ದೊಡ್ಡ ಸಾಹಸ.

ಇಷ್ಟು ಬುದ್ಧಿಯ ತಂತ್ರಾಂಶಕ್ಕೂ ಸರಪಳಿಯ ತುಕ್ಕು ಕಾಣದು. ಅದನ್ನು ನೋಡಿ ರಿಜಿಸ್ಟರಿನಲ್ಲಿ ಬರೆಯಬೇಕಾದದ್ದು ಗ್ರೀಸು ಮೆತ್ತಿದ ಕೈ.