ಎರಿಕ್ ಫ್ರಾಮ್ ಅವರ ಆರೋಪವೂ ಕೃಪೆಯ ಬೋಧನೆಯೂ

ಸರ್ವಾಧಿಕಾರಿಯನ್ನು ಜನರು ಭಯದಿಂದ ಸಹಿಸುತ್ತಾರೆ, ಇಲ್ಲವೇ ಮೋಸಹೋಗಿ ಬೆಂಬಲಿಸುತ್ತಾರೆ ಎಂಬುದು ವಾಡಿಕೆಯ ವಿವರಣೆ. ಜರ್ಮನಿಯನ್ನು ತೊರೆದು ಅಮೆರಿಕ ಸೇರಿದ ಯೆಹೂದಿ ಮನೋವಿಶ್ಲೇಷಕ ಎರಿಕ್ ಫ್ರಾಮ್ ಅವರ ‘ಸ್ವಾತಂತ್ರ್ಯದಿಂದ ಪಲಾಯನ’ (1941) ಎಂಬ ಗ್ರಂಥವು ಇಷ್ಟಕ್ಕೆ ತೃಪ್ತವಾಗುವುದಿಲ್ಲ. ಹಳೆಯ ಕಟ್ಟುಗಳು ಕಳಚಿದ ಮನುಷ್ಯನು ಒಂಟಿಯಾಗುತ್ತಾನೆ. ಅದನ್ನು ತಾಳಲಾರದೆ ತನ್ನ ಸ್ವಾತಂತ್ರ್ಯವನ್ನು ತಾನಾಗಿಯೇ ಬಲಿಷ್ಠನೊಬ್ಬನಿಗೆ ಒಪ್ಪಿಸಿ, ಅವನ ಬಲದಲ್ಲಿ ತಾನೂ ಪಾಲುಗಾರನೆಂದು ಸಮಾಧಾನ ತಂದುಕೊಳ್ಳುತ್ತಾನೆ. ಮೇಲಿನವನಿಗೆ ಬಾಗುವ, ಕೆಳಗಿನವನನ್ನು ತುಳಿಯುವ ಆಸೆಗಳೆರಡೂ ಒಂದೇ ಮನಸ್ಸಿನಲ್ಲಿ ವಾಸಿಸುತ್ತವೆಂದು ತೋರಿಸುವ ಪುಟಗಳು ಗ್ರಂಥದ ಅತ್ಯಂತ ಬೆಲೆಯುಳ್ಳ ಭಾಗ. ಸಮುವೇಲನ ಬಳಿ ಅರಸನನ್ನು ಬೇಡಿದ ಇಸ್ರಾಯೇಲ್ಯರನ್ನು ಬಲ್ಲ ನಮಗೆ ಇದು ಅಪರಿಚಿತವಲ್ಲ. ಅರಸನು ಏನೇನು ಕಸಿದುಕೊಳ್ಳುವನೆಂದು ಪ್ರವಾದಿಯು ಒಂದೊಂದಾಗಿ ಹೇಳಿದ ಮೇಲೂ ಅವರು ಬೇಕೆಂದರು. ಅಲ್ಲಿ ಮೋಸವಿರಲಿಲ್ಲ.

ಆದರೆ ಫ್ರಾಮ್ ಈ ರೋಗದ ಒಂದು ಬೇರನ್ನು ಲೂಥರ್ ಮತ್ತು ಕ್ಯಾಲ್ವಿನರಲ್ಲಿ ಕಾಣುತ್ತಾರೆ. ಮನುಷ್ಯನು ತನ್ನಿಂದ ತಾನೇ ಏನನ್ನೂ ಮಾಡಲಾರನೆಂದು ಕಲಿಸಿದವರು ಅವನನ್ನು ಮುಂದೆ ಬೇರೆ ಒಡೆಯರಿಗೂ ಶರಣಾಗಲು ಅಣಿಗೊಳಿಸಿದರೆಂಬುದು ಆರೋಪ. ಇದನ್ನು ಸುಲಭವಾಗಿ ತಳ್ಳಿಹಾಕಲಾಗದು. ದಂಗೆಯೆದ್ದ ರೈತರ ವಿರುದ್ಧ ಲೂಥರರು 1525ರಲ್ಲಿ ಬರೆದದ್ದನ್ನು ಓದಿದರೆ ತಲೆತಗ್ಗಿಸಲೇಬೇಕು. 1932ರ ಚುನಾವಣೆಗಳಲ್ಲಿ ನಾತ್ಸಿ ಪಕ್ಷಕ್ಕೆ ಕಥೋಲಿಕ ಪ್ರದೇಶಗಳಿಗಿಂತ ಪ್ರೊಟೆಸ್ಟಂಟ್ ಪ್ರದೇಶಗಳಲ್ಲಿ ಹೆಚ್ಚು ಮತ ದೊರೆತದ್ದೂ ನಿಜ. ಆದರೂ ಕಥೋಲಿಕರಿಗೆ ತಮ್ಮದೇ ಆದ ಸೆಂಟರ್ ಪಕ್ಷವಿತ್ತು, ಸಂಘಗಳ ಬಲೆಯಿತ್ತು. ಪ್ರೊಟೆಸ್ಟಂಟರಿಗೆ ಅಷ್ಟು ಗಟ್ಟಿಯಾದ ಆಸರೆಯಿರಲಿಲ್ಲ. ಒಂಟಿತನವನ್ನೇ ಕಾರಣವೆನ್ನುವವರು ಈ ಹತ್ತಿರದ ವ್ಯತ್ಯಾಸಕ್ಕೆ ತಕ್ಕ ತೂಕ ಕೊಡದೆ ನಾಲ್ಕು ಶತಮಾನ ಹಿಂದಕ್ಕೆ ಹೋದದ್ದು ನಮಗೆ ಒಪ್ಪಿಗೆಯಾಗುವುದಿಲ್ಲ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. 1934ರ ಮೇ ತಿಂಗಳ ಬಾರ್ಮೆನ್ ಘೋಷಣೆಯನ್ನು ಬಹುಮಟ್ಟಿಗೆ ಬರೆದವರು ಕ್ಯಾಲ್ವಿನರ ಪರಂಪರೆಯ ಕಾರ್ಲ್ ಬಾರ್ತ್. ದೇವರೊಬ್ಬನೇ ಒಡೆಯನೆಂಬ ಅದೇ ಬೋಧನೆ ಅಲ್ಲಿ ಇತರ ಒಡೆಯರನ್ನು ನಿರಾಕರಿಸುವ ಆಧಾರವಾಯಿತು. ಫ್ರಾಮ್ ಅವರ ಚೌಕಟ್ಟಿನಲ್ಲಿ ಇದಕ್ಕೆ ಜಾಗವಿಲ್ಲ. ಶರಣಾಗತಿಯೆಲ್ಲವೂ ಅವರಿಗೆ ಒಂದೇ ಬಣ್ಣ.

ಹಾಗೆಂದು ಬಾರ್ಮೆನ್ ನಮ್ಮ ಕೈಯಲ್ಲಿರುವ ಜಯಪತ್ರವಲ್ಲ. ಅದರಲ್ಲಿ ಯೆಹೂದ್ಯರ ಪರವಾಗಿ ಒಂದು ಮಾತೂ ಇಲ್ಲ; ಇದಕ್ಕಾಗಿ ಬಾರ್ತ್ ಅವರೇ ಮುಂದೆ ವ್ಯಥೆಪಟ್ಟರು. ಅದಕ್ಕೆ ಹತ್ತು ತಿಂಗಳು ಮೊದಲು, 1933ರ ಜುಲೈಯ ಸಭಾ ಚುನಾವಣೆಗಳಲ್ಲಿ, ಹಿಟ್ಲರನ ಪಕ್ಷಪಾತಿಗಳಾದ ‘ಜರ್ಮನ್ ಕ್ರೈಸ್ತರು’ ಭಾರಿ ಬಹುಮತ ಗಳಿಸಿದ್ದರು. ಅವರಿಗೆ ಮತವಿತ್ತವರು ಕೃಪೆಯ ಬೋಧನೆಯ ನೆರಳಿನಲ್ಲೇ ಬೆಳೆದ ಸಭಿಕರು. ಆ ಬೋಧನೆ ಅವರ ಕಿವಿಗೆ ಯಾವ ಅರ್ಥದಲ್ಲಿ ಬಿದ್ದಿತ್ತು? ಫ್ರಾಮ್ ಅವರ ಉತ್ತರವನ್ನು ನಾವು ಅಲ್ಲಗಳೆದಿದ್ದೇವೆ, ಪ್ರಶ್ನೆಯನ್ನಲ್ಲ.